ಪ್ರೇಕ್ಷಕರ ಮೌನವೂ ಗದ್ದಲದ ನಿವಾರಣೆಯೂ

ನಾಟಕವನ್ನಾಗಲಿ ಚಲಚ್ಚಿತ್ರವನ್ನಾಗಲಿ ನೋಡಹೋಗಿ, ಪಕ್ಕದವರ ಹರಟೆಯಿಂದ ಬೇಸರಪಡದವರು ವಿರಳ. ಹೀಗೆ ಬೇಸರಪಟ್ಟವರಲ್ಲಿ ಕೆಲವರು ಹಲ್ಲುಕಚ್ಚಿ ಸುಮ್ಮನಿರುವರು. ಕೆಲವರು ಗದರಿಸಿ, ಮೊದಲಿನ ಸದ್ದಿಗಿಂತಲೂ ದೊಡ್ಡ ಸದ್ದನ್ನುಂಟುಮಾಡುವರು. ಇವೆರಡೂ ಸರಿಯಾದ ಮಾರ್ಗಗಳಲ್ಲ. ಸರಿಯಾದ ಮಾರ್ಗವಾವುದೆಂಬುದನ್ನು ವಿದ್ಯಾರ್ಥಿನಿಯರು ಈ ಪಾಠದಲ್ಲಿ ವಿಚಾರಿಸಿ ತಿಳಿಯಲಿ.

೧. ಸಭೆಯ ವಾಡಿಕೆ

ಪ್ರೇಕ್ಷಕರು ಮೌನದಿಂದಿರಬೇಕೆಂಬ ನಿಯಮವು ಬಹಳ ಹಳೆಯದಲ್ಲ. ಲಂಡನ್ನಿನ ಕಾವೆಂಟ್ ಗಾರ್ಡನ್ ನಾಟಕಶಾಲೆಯು ೧೮೦೮ರಲ್ಲಿ ಸುಟ್ಟುಹೋಗಿ, ಮರುವರ್ಷ ಹೆಚ್ಚಿನ ದರದೊಡನೆ ತೆರೆಯಲ್ಪಟ್ಟಾಗ, ಜನರು ಹಳೆಯ ದರವೇ ಬೇಕೆಂದು ಎರಡು ತಿಂಗಳಿಗೂ ಮಿಕ್ಕಿ ಕೂಗಿ ಕುಣಿದು, ವ್ಯವಸ್ಥಾಪಕರಾದ ಕೆಂಬಲ್ ಎಂಬವರನ್ನು ಮಣಿಸಿದರು. ೧೮೪೯ರಲ್ಲಿ ನ್ಯೂಯಾರ್ಕಿನ ಆಸ್ಟರ್ ಪ್ಲೇಸ್ ನಾಟಕಶಾಲೆಯ ಬಳಿ ಇಬ್ಬರು ನಟರ ಪಕ್ಷದವರ ಕಲಹವು ದಂಗೆಯಾಗಿ, ಸೈನಿಕರು ಗುಂಡುಹಾರಿಸಲು, ಇಪ್ಪತ್ತಕ್ಕಿಂತ ಹೆಚ್ಚು ಜನರು ಸತ್ತರು. ೧೮೭೬ರಲ್ಲಿ ಜರ್ಮನಿಯ ಬೈರಾಯ್ಟ್ ಎಂಬ ಊರಿನಲ್ಲಿ ವಾಗ್ನರನ ಸಂಗೀತನಾಟಕಗಳಿಗಾಗಿ ಕಟ್ಟಿದ ಮಂದಿರದಲ್ಲಿ, ಪ್ರೇಕ್ಷಕರ ಕಡೆಯ ದೀಪಗಳನ್ನು ತಗ್ಗಿಸಲಾಯಿತು. ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ನೋಡುವುದು ತಪ್ಪಿ, ಎಲ್ಲರ ಕಣ್ಣು ರಂಗದ ಕಡೆಗೆ ತಿರುಗಿತು.

ನಮ್ಮ ನಾಡಿನ ಕಂಪನಿ ನಾಟಕಗಳಲ್ಲಿಯೋ, ಹಾಡನ್ನು ಮೆಚ್ಚಿದವರು "ಒನ್ಸ್ ಮೋರ್" ಎಂದು ಕೂಗುವುದೂ, ನಟನು ಅದನ್ನು ಮತ್ತೊಮ್ಮೆ ಹಾಡುವುದೂ ವಾಡಿಕೆಯಾಗಿತ್ತು. ರಾತ್ರಿಯೆಲ್ಲಾ ನಡೆಯುವ ಬಯಲಾಟದಲ್ಲಿ ಮಕ್ಕಳು ನಿದ್ರಿಸಿ ಏಳುವರು. ಹಿರಿಯರು ಎಲೆಯಡಿಕೆ ಮೆಲ್ಲುವರು. ಅವರನ್ನು ಅಸಭ್ಯರೆನ್ನಲಾಗದು. ಆದುದರಿಂದ ಸದ್ದೆಲ್ಲವೂ ದೋಷವಲ್ಲ. ಆಟದ ಕಡೆಗೆ ಮುಖಮಾಡಿದ ಸದ್ದು ಮೆಚ್ಚುಗೆ. ಆಟಕ್ಕೆ ಬೆನ್ನುಮಾಡಿದ ಸದ್ದು ಗದ್ದಲ. ನಗೆ, ಚಪ್ಪಾಳೆ, ನಾಯಕನ ಪ್ರವೇಶದಲ್ಲಿ ಮೊದಲ ದಿನದ ಜನರ ಶಿಳ್ಳೆ, ಇವು ಮೊದಲನೆಯ ಬಗೆಯವು. ಮನೆಯ ವ್ಯವಹಾರ, ಮೊಬೈಲ್ ಫೋನಿನ ಮಾತು, ಮುಂದಿನ ಕಥೆಯನ್ನು ಬಿಚ್ಚಿಹೇಳುವುದು, ಇವು ಎರಡನೆಯವು.

೨. ನಷ್ಟವು ಯಾರದು?

ಚಿತ್ರವು ಯಾರಿಗಾಗಿಯೂ ನಿಲ್ಲದು. ಅಲ್ಲಿ ಕೇಳದೆಹೋದ ಮಾತು ಮರಳಿ ಬಾರದು. ಆದರೆ ನಷ್ಟವು ನೋಡುವವರಿಗೆ ಮಾತ್ರ. ನಾಟಕದಲ್ಲಿಯಾದರೋ ನಟನು ಸಭೆಯನ್ನು ಕೇಳುತ್ತಲೇ ಇರುವನು. ನಗೆ ಅಡಗುವ ತನಕ ಕಾದು ಮುಂದಿನ ಮಾತಾಡುವನು. ಹರಟೆಗಾಗಿ ಎಷ್ಟು ಕಾಯಬಲ್ಲನು? ರಂಗದ ಮಾತು ಹಿಂದಿನ ಸಾಲಿಗೆ ಮುಟ್ಟುವಂತೆ ಕಟ್ಟಿದ ಗೋಡೆಗಳೇ ಹಿಂದಿನ ಸಾಲಿನ ಮಾತನ್ನೂ ರಂಗಕ್ಕೆ ಒಯ್ಯುವುವು.

ಶಾಲೆಗಳ ವಾರ್ಷಿಕೋತ್ಸವವನ್ನು ನೋಡಿರಿ. ತಮ್ಮ ಮಗಳ ಪಾತ್ರವು ಮುಗಿದೊಡನೆಯೇ ಕೆಲವರು ಮಾತಿಗಾರಂಭಿಸುವರು. ಆಗ ರಂಗಕ್ಕೆ ಬಂದ ಬಾಲಿಕೆಯು ವಾರಗಟ್ಟಲೆ ಅಭ್ಯಾಸಮಾಡಿದ ಮಾತು ಮೂರನೆಯ ಸಾಲಿಗೂ ಮುಟ್ಟದು. ಅವಳು ಅದನ್ನು ತನ್ನ ದೋಷವೆಂದೇ ತಿಳಿದು ಕಂಗೆಡುವಳು. ಮುಂದಿನ ವರ್ಷ ಪಾತ್ರ ಬೇಡವೆನ್ನುವಳು. ಹರಟಿದವರಿಗೆ ಇದು ಎಂದೂ ತಿಳಿಯುವುದಿಲ್ಲ.

೩. ನಿವಾರಣೆಯ ಕ್ರಮ

ಮೊದಲು, ಸ್ವಲ್ಪ ಹೊತ್ತು ತಾಳಿರಿ. ಅನೇಕರು ಆಟವು ಮೊದಲಾದ ಮೇಲೆ ತಾವಾಗಿಯೇ ಸುಮ್ಮನಾಗುವರು. ಸುಮ್ಮನಾಗದಿದ್ದರೆ ಒಮ್ಮೆ ತಿರುಗಿ, ಕೋಪವಿಲ್ಲದೆ ನೋಡಿರಿ. ಅದೂ ಸಾಲದಿದ್ದರೆ, "ದಯಮಾಡಿ, ನಮಗೆ ಮಾತು ಕೇಳಿಸುತ್ತಿಲ್ಲ" ಎಂದು ತಗ್ಗಿದ ದನಿಯಲ್ಲಿ ಒಮ್ಮೆ ಮಾತ್ರ ಹೇಳಿರಿ. "ನೀವು ಗಲಾಟೆಮಾಡುತ್ತೀರಿ" ಎಂಬುದು ಆಪಾದನೆ; "ನಮಗೆ ಕೇಳಿಸುತ್ತಿಲ್ಲ" ಎಂಬುದು ವಿನಂತಿ. "ಶ್ ಶ್" ಎಂಬ ಸೀಳುಸದ್ದು ಅನೇಕ ಸಾಲುಗಳಿಗೆ ಕೇಳಿಸುವುದಾದುದರಿಂದ ಅದನ್ನು ಬಿಡಿರಿ. ವಿನಂತಿಯು ಫಲಿಸದಿದ್ದರೆ ವಾದಿಸದೆ ಎದ್ದುಹೋಗಿ ಮಂದಿರದ ನೌಕರರಿಗೆ ತಿಳಿಸಿರಿ. ವ್ಯವಸ್ಥೆಯನ್ನು ಕಾಪಾಡುವುದು ಅವರ ಕೆಲಸ. ಕುಡಿದವರಾಗಲಿ ದುಂಡಾವರ್ತಿಯವರಾಗಲಿ ಇದ್ದರೆ, ಹುಡುಗಿಯರು ಅವರೊಡನೆ ಮಾತನ್ನೇ ಆಡದೆ, ಜೊತೆಯವರೊಂದಿಗೆ ನೇರವಾಗಿ ವ್ಯವಸ್ಥಾಪಕರ ಬಳಿಗೆ ಹೋಗತಕ್ಕದ್ದು.

ನ್ಯೂಯಾರ್ಕ್ ನಗರವು ೨೦೦೩ರಲ್ಲಿ, ಪ್ರದರ್ಶನದ ವೇಳೆಯಲ್ಲಿ ಮೊಬೈಲ್ ಫೋನ್ ಬಳಸುವವರಿಗೆ ೫೦ ಡಾಲರ್ ದಂಡವನ್ನು ವಿಧಿಸುವ ಕಾನೂನನ್ನು ಮಾಡಿತು. ಆದರೂ ೨೦೧೫ರಲ್ಲಿ ಅದೇ ನಗರದಲ್ಲಿ ಪ್ಯಾಟಿ ಲುಪೋನ್ ಎಂಬ ನಟಿಯು, ಆಟದ ನಡುವೆ ಸಂದೇಶ ಬರೆಯುತ್ತಿದ್ದ ಪ್ರೇಕ್ಷಕರೊಬ್ಬರ ಫೋನನ್ನು ಕೈಯಿಂದ ತೆಗೆದುಕೊಂಡು ಹೋದರು. ಕಾನೂನು ಒಂದರಿಂದಲೇ ಮೌನವು ದೊರೆಯದೆಂಬುದಕ್ಕೆ ಇದು ನಿದರ್ಶನ. ಆದರೆ ಪ್ರೇಕ್ಷಕರು ಪ್ರೇಕ್ಷಕರ ವಸ್ತುವಿಗೆ ಕೈಹಾಕಿದರೆ ಜಗಳವೇ ಎರಡನೆಯ ನಾಟಕವಾಗುವುದು.

೪. ತಾಳ್ಮೆಗೆ ಪಾತ್ರರಾದವರು

ಅಳುವ ಕೂಸಿನ ತಾಯಿ, ಕಿವಿಮಂದವಾದುದರಿಂದ "ಏನೆಂದರು?" ಎಂದು ಕೇಳುವ ವೃದ್ಧರು, ತಮ್ಮ ದನಿಯನ್ನು ತಡೆದುಕೊಳ್ಳಲಾರದ ಆಟಿಸಂ ಉಳ್ಳ ಮಕ್ಕಳು, ಇವರು ಗದ್ದಲಗಾರರಲ್ಲ. ೨೦೧೧ರಲ್ಲಿ ನ್ಯೂಯಾರ್ಕಿನಲ್ಲಿ "ದಿ ಲಯನ್ ಕಿಂಗ್" ನಾಟಕವನ್ನು ಇಂಥ ಮಕ್ಕಳಿಗಾಗಿಯೇ, ಕರ್ಕಶವಾದ ಸದ್ದನ್ನು ತಗ್ಗಿಸಿ ಆಡಿದರು. ಹೊರಗಟ್ಟುವುದಕ್ಕಿಂತ ಸ್ಥಳವನ್ನು ಕಲ್ಪಿಸಿಕೊಡುವುದು ಮೇಲು. ತಾಯಿಗೆ ಬಾಗಿಲ ಹತ್ತಿರದ ಆಸನವನ್ನು ಬಿಟ್ಟುಕೊಡುವುದಕ್ಕೆ ಯಾವ ಕಾನೂನೂ ಬೇಕಾಗಿಲ್ಲ.

ಟಿಕೆಟಿನ ಹಣವು ನಮಗೆ ಆಸನವನ್ನು ಮಾತ್ರ ಕೊಡುವುದು; ಮೌನವನ್ನು ಪ್ರೇಕ್ಷಕರು ಒಬ್ಬರಿಗೊಬ್ಬರು ಕೊಡಬೇಕು.

ಪ್ರಶ್ನೆಗಳು

(೧) ಮೆಚ್ಚುಗೆಯ ಸದ್ದಿಗೂ ಗದ್ದಲಕ್ಕೂ ಭೇದವೇನು?
(೨) ನಾಟಕದಲ್ಲಿ ಗದ್ದಲದ ಹಾನಿಯು ಚಿತ್ರಮಂದಿರಕ್ಕಿಂತ ಹೆಚ್ಚೇಕೆ?
(೩) ಮುಂದಿನ ವಾರ್ಷಿಕೋತ್ಸವದಲ್ಲಿ ನಿಮ್ಮ ಮನೆಯವರಿಗೆ ನೀವು ಮೊದಲೇ ಹೇಳತಕ್ಕದ್ದೇನು?