ನಿಯಾನ್ ಕಂಡುಹಿಡಿದವರು ಬೆಂಗಳೂರಿಗೆ ಬಂದಿದ್ದರು



ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂದ ಕೂಡಲೇ ನಮಗೆ ಸರ್ ಸಿ.ವಿ. ರಾಮನ್ ಅವರ ಹೆಸರು ನೆನಪಾಗುತ್ತದೆ. ರಾಮನ್ ಅವರು ಅಲ್ಲಿಗೆ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಅವರು ಮೊದಲನೇ ಭಾರತೀಯ ನಿರ್ದೇಶಕರು. ಹಾಗಾದರೆ ಎಲ್ಲರಿಗಿಂತ ಮೊದಲು ಯಾರಿದ್ದರು? ಅವರೇ ಪ್ರೊಫೆಸರ್ ಮಾರಿಸ್ ವಿಲಿಯಂ ಟ್ರಾವರ್ಸ್. ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಅವರ ಹೆಸರು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದಕ್ಕೇ ಈ ಸಲ ಗೋಡೆ ಪತ್ರಿಕೆಗೆ ಅವರ ಬಗ್ಗೆ ಬರೆದಿದ್ದೇನೆ.

ಟ್ರಾವರ್ಸ್ ಅವರು 1872ರ ಜನವರಿ 24ರಂದು ಲಂಡನ್ನಿನಲ್ಲಿ ಹುಟ್ಟಿದರು. ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದರು. ಅಲ್ಲಿ ಅವರಿಗೆ ಸಿಕ್ಕ ಗುರುಗಳು ವಿಲಿಯಂ ರ‍್ಯಾಮ್ಸೆ. ರ‍್ಯಾಮ್ಸೆಯವರು 1894ರಲ್ಲಿ ಲಾರ್ಡ್ ರೇಲಿಯವರ ಜೊತೆ ಆರ್ಗಾನ್ ಕಂಡುಹಿಡಿದಿದ್ದರು. ಅದು ಯಾವುದರ ಜೊತೆಗೂ ಸುಲಭಕ್ಕೆ ಕೂಡದ ಜಡ ಅನಿಲ. ಮುಂದಿನ ವರ್ಷ ಹೀಲಿಯಂ ಕೂಡ ಅವರಿಗೆ ಸಿಕ್ಕಿತು. ಆವರ್ತ ಕೋಷ್ಟಕದಲ್ಲಿ ಇವೆರಡರ ನಡುವೆ ಮತ್ತು ಕೆಳಗೆ ಖಾಲಿ ಜಾಗ ಇದ್ದವು. ಅಂದಮೇಲೆ ಇಂಥವೇ ಇನ್ನೂ ಕೆಲವು ಅನಿಲಗಳು ಎಲ್ಲೋ ಅಡಗಿರಬೇಕು ಅಂತ ಗುರು ಶಿಷ್ಯರು ಹುಡುಕಲು ಶುರು ಮಾಡಿದರು. ಎಲ್ಲಿ ಅಡಗಿದ್ದವು ಗೊತ್ತೇ? ನಾವು ದಿನಾ ಉಸಿರಾಡುವ ಗಾಳಿಯಲ್ಲೇ!

ಗಾಳಿಯನ್ನು ಬಹಳ ಬಹಳ ತಂಪು ಮಾಡಿದರೆ ಅದು ನೀರಿನ ಹಾಗೆ ದ್ರವ ಆಗುತ್ತದೆ. ಆ ದ್ರವವನ್ನು ಮತ್ತೆ ಕುದಿಯಲು ಬಿಟ್ಟರೆ ಒಂದೊಂದು ಅನಿಲ ಒಂದೊಂದು ಉಷ್ಣತೆಗೆ ಎದ್ದು ಹೋಗುತ್ತದೆ. ನೈಟ್ರೋಜನ್ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಆಕ್ಸಿಜನ್ 183 ಡಿಗ್ರಿ ಕೆಳಗೆ ಕುದಿಯುತ್ತವೆ. ನಮ್ಮ ಕಡೆ ಗಾಣದಾಗ ಕಬ್ಬಿನ ಹಾಲು ಕಾಯಿಸೋದು ನೋಡೀರಲ್ಲ, ಕೊಪ್ಪರಿಗೆಯಿಂದ ನೀರು ಆವಿಯಾಗಿ ಹೋಗ್ತದ, ಬೆಲ್ಲ ತಳಕ್ಕ ಉಳೀತದ. ಹಂಗ ದ್ರವ ಗಾಳಿ ಕುದ್ದು ಕುದ್ದು ಕೊನೆಗೆ ಸ್ವಲ್ಪವೇ ಉಳಿದಾಗ, ಆ ತಳದ ಭಾಗವನ್ನು ಅವರು ಹಿಡಿದರು. ಕೆಂಪಗೆ ಕಾದ ತಾಮ್ರ ಮತ್ತು ಮೆಗ್ನೀಸಿಯಂ ಮೇಲೆ ಹಾಯಿಸಿ ಅದರಲ್ಲಿ ಉಳಿದ ಆಕ್ಸಿಜನ್ ಮತ್ತು ನೈಟ್ರೋಜನ್ ತೆಗೆದರು. ಮಿಕ್ಕ ಅನಿಲವನ್ನು ಗಾಜಿನ ನಳಿಕೆಯಲ್ಲಿ ತುಂಬಿ ವಿದ್ಯುತ್ ಹರಿಸಿ ರೋಹಿತದರ್ಶಕದಲ್ಲಿ ನೋಡಿದರೆ, ಹಿಂದೆ ಯಾರೂ ಕಾಣದ ಒಂದು ಹಳದಿ ಗೆರೆ, ಒಂದು ಹಸಿರು ಗೆರೆ! ಅದೇ ಕ್ರಿಪ್ಟಾನ್. ಗ್ರೀಕ್ ಭಾಷೆಯಲ್ಲಿ ‘ಅಡಗಿದ್ದು’ ಎಂದು ಅರ್ಥ. ಅವತ್ತು 1898ರ ಮೇ 30. ಟ್ರಾವರ್ಸ್ ಅವರಿಗೆ ಆಗ 26 ವರ್ಷ.

ಒಂದು ಮಜಾ ಸಂಗತಿ ಹೇಳಬೇಕು. ಹೊಸ ಅನಿಲದ ಸಾಂದ್ರತೆ ಅಳೆಯುತ್ತ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಕೂತರಂತೆ. ಮರುದಿನ ಟ್ರಾವರ್ಸ್ ಅವರ ಡಾಕ್ಟರ್ ಪದವಿಯ ಪರೀಕ್ಷೆ ಇತ್ತು. ಅದು ಗುರುಗಳಿಗೂ ಹೆಚ್ಚುಕಡಿಮೆ ಮರೆತೇ ಹೋಗಿತ್ತು, ಶಿಷ್ಯನಿಗೂ ಮರೆತೇ ಹೋಗಿತ್ತು! (ನಾವು ಹಿಂಗ ಮಾಡಿದ್ರ ಮನ್ಯಾಗ ಏನಾಗ್ತದ ಅಂತ ಬರೆಯೋದು ಬ್ಯಾಡ.)

ಮುಂದಿನ ತಿಂಗಳು ಜೂನ್‌ನಲ್ಲಿ ಅವರು ಉಲ್ಟಾ ಕಡೆಯಿಂದ ಹುಡುಕಿದರು. ಆರ್ಗಾನನ್ನು ತಂಪು ಮಾಡಿ ಗಟ್ಟಿ ಮಾಡಿ, ಎಲ್ಲಕ್ಕಿಂತ ಮೊದಲು ಮೇಲೇಳುವ ಹಗುರ ಭಾಗವನ್ನು ಹಿಡಿದು ನಳಿಕೆಯಲ್ಲಿ ತುಂಬಿದರು. ವಿದ್ಯುತ್ ಹರಿಸಿದ ಕೂಡಲೇ ನಳಿಕೆ ಕೆಂಪಗೆ ಧಗಧಗ ಬೆಳಗಿತು. ಗೆರೆ ಎಣಿಸುವ ಮೊದಲೇ ಇದು ಹೊಸದು ಅಂತ ಕಣ್ಣಿಗೇ ಗೊತ್ತಾಯಿತು. ರ‍್ಯಾಮ್ಸೆಯವರ ಮಗ, ನಮ್ಮಂಥ ಹುಡುಗ, ಇದಕ್ಕೆ ಲ್ಯಾಟಿನ್‌ನಲ್ಲಿ ‘ನೋವಂ’ ಅಂದರೆ ಹೊಸದು ಅಂತ ಹೆಸರಿಡಿ ಎಂದನಂತೆ. ಅಪ್ಪ ಅದನ್ನೇ ಗ್ರೀಕ್‌ಗೆ ತಿರುಗಿಸಿ ನಿಯಾನ್ ಎಂದರು. ಜುಲೈನಲ್ಲಿ ಕ್ಸೆನಾನ್ ಸಿಕ್ಕಿತು, ಅಂದರೆ ‘ಪರಕೀಯ’. ಹೀಗೆ ಎರಡು ತಿಂಗಳೊಳಗೆ ಮೂರು ಮೂಲವಸ್ತು!

ನಿಯಾನ್ ನಮ್ಮ ಹಳ್ಳಿಯಲ್ಲಿ ಎಲ್ಲಿದೆ ಅಂತ ಕೇಳಬಹುದು. ನಮ್ಮ ಕಾಕಾ ವಿಜಯಪುರದ ಗಾಂಧಿ ಚೌಕದಾಗ ಒಂದು ಟೆಸ್ಟರ್ ತಂದಾನ. ಮೋಟರಿನ ಸ್ಟಾರ್ಟರ್ ಡಬ್ಬಿ ಮುಟ್ಟೋಕ್ಕಿಂತ ಮುಂಚೆ ಅದನ್ನ ಹಚ್ಚಿ ನೋಡ್ತಾನ. ಡಬ್ಬಿಗೆ ಕರೆಂಟ್ ಇಳಿದಿದ್ರ ಟೆಸ್ಟರ್ ಒಳಗಿನ ಸಣ್ಣ ದೀಪ ಕೇಸರಿ ಬಣ್ಣದಾಗ ಹತ್ತತದ. ಆ ದೀಪದಾಗ ತಂತಿಯ ಸುರುಳಿ ಇಲ್ಲ, ಎರಡು ಸಣ್ಣ ಕಡ್ಡಿ, ಅವುಗಳ ನಡುವೆ ನಿಯಾನ್ ಅನಿಲ. ಜೊತೆಗೆ ಒಂದು ದೊಡ್ಡ ರೋಧಕ ಇರುತ್ತದೆ. ಅದರಿಂದ ನಮ್ಮ ಮೈ ಮೂಲಕ ಹರಿಯುವ ವಿದ್ಯುತ್ ತೀರಾ ಕಡಿಮೆ, ಗೊತ್ತೇ ಆಗುವುದಿಲ್ಲ. ಮಳೆಗಾಲದಾಗ ಹಸಿ ಕೈಲೆ ಡಬ್ಬಿ ಮುಟ್ಟಿ ಸತ್ತವರ ಸುದ್ದಿ ನಾವು ಕೇಳ್ತೀವಿ. ಟ್ರಾವರ್ಸ್ ಅವರು ಕಂಡ ಬೆಳಕು ಮೊದಲೇ ಎಚ್ಚರ ಹೇಳ್ತದ. (ದೊಡ್ಡವರಿಲ್ಲದೆ ಯಾರೂ ಟೆಸ್ಟರ್ ಹಿಡಿಯಬಾರದು.) ಪೇಟೆಯ ಅಂಗಡಿ ಬೋರ್ಡುಗಳಿಗೆ ನಿಯಾನ್ ನಳಿಕೆ ಬಂದದ್ದು ಫ್ರಾನ್ಸಿನ ಜಾರ್ಜ್ ಕ್ಲೋಡ್ ಅವರಿಂದ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಅಂಥ ದೀಪ ತೋರಿಸಿದರು. ಈಗ ಬಹಳ ಕಡೆ ಎಲ್‌ಇಡಿ ಬಂದಿದೆ.

1904ರಲ್ಲಿ ಜಡ ಅನಿಲಗಳ ಶೋಧಕ್ಕಾಗಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆದರೆ ಅದು ರ‍್ಯಾಮ್ಸೆಯವರಿಗೆ ಮಾತ್ರ. ದಾರಿ ತೋರಿಸಿದವರು ರ‍್ಯಾಮ್ಸೆ, ಅದು ಖರೆ. ಆದರೂ ಮೂರು ಅನಿಲ ಹಿಡಿಯುವಾಗ ಕೈ ಹಾಕಿದವರು ಇಬ್ಬರು. ಗಾಜು ಊದಿ ಉಪಕರಣ ಮಾಡುವುದರಲ್ಲಿ ಟ್ರಾವರ್ಸ್ ಬಹಳ ಜಾಣರು. 1900ರಲ್ಲಿ ಅವರು ಹೈಡ್ರೋಜನ್ ದ್ರವ ಮಾಡುವ ಯಂತ್ರ ಕಟ್ಟಿದ್ದರಿಂದಲೇ ನಿಯಾನನ್ನು ಹೀಲಿಯಂನಿಂದ ಬೇರೆ ಮಾಡಲು ಆಯಿತು. ಬಹುಮಾನದಲ್ಲಿ ಅವರಿಗೂ ಪಾಲು ಬರಬೇಕಿತ್ತು ಅಂತ ನನ್ನ ಅಭಿಪ್ರಾಯ. ಅದೇ ವರ್ಷ ಅವರು ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದರು.

ಈಗ ನಮ್ಮ ರಾಜ್ಯದ ವಿಷಯ. ಜಮ್ಶೆಟ್ಜಿ ಟಾಟಾ ಅವರಿಗೆ ಭಾರತದಲ್ಲಿ ಒಂದು ದೊಡ್ಡ ವಿಜ್ಞಾನ ಸಂಸ್ಥೆ ಕಟ್ಟುವ ಆಸೆ. 1900ರಲ್ಲಿ ರ‍್ಯಾಮ್ಸೆಯವರೇ ಭಾರತಕ್ಕೆ ಬಂದು ಸುತ್ತಾಡಿ ಬೆಂಗಳೂರು ಒಳ್ಳೇ ಜಾಗ ಎಂದು ಹೇಳಿದರು. ಟಾಟಾ ಅವರು 1904ರಲ್ಲಿ ತೀರಿಕೊಂಡರು, ಕಟ್ಟಡ ನೋಡಲಿಲ್ಲ. 1906ರ ಕೊನೆಗೆ 34 ವರ್ಷದ ಟ್ರಾವರ್ಸ್ ನಿರ್ದೇಶಕರಾಗಿ ಬಂದರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1909ರ ಮೇ 27ರಂದು ಸರಕಾರದ ಆದೇಶ ಆಯಿತು. 1911ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಅದೇ ವರ್ಷ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಅಂದರೆ ಬಂದ ಮೇಲೆ ನಾಲ್ಕೂವರೆ ವರ್ಷ ಅವರ ಮುಂದೆ ವಿದ್ಯಾರ್ಥಿಗಳೇ ಇರಲಿಲ್ಲ! ಹೊಸ ಅನಿಲ ಹುಡುಕಿದ ಕೈಗೆ ಕಲ್ಲು, ಗಾರೆ, ನಕ್ಷೆ, ಕಾಗದ ಪತ್ರದ ಕೆಲಸ. ಆಮೇಲೆ ಆಡಳಿತ ನಡೆಸುವವರಿಗೂ ಅವರಿಗೂ ಹೊಂದಾಣಿಕೆ ಆಗಲಿಲ್ಲ. 1914ರಲ್ಲಿ ಹುದ್ದೆ ಬಿಟ್ಟು ಇಂಗ್ಲೆಂಡಿಗೆ ಹೋದರು.

ಅವರು ಸೋತು ಹೋದರು ಅಂತ ಯಾರಾದರೂ ಅನ್ನಬಹುದು. ನನಗೆ ಹಂಗ ಅನಿಸೋದಿಲ್ಲ. ಅವರು ಹೋದ ಮೇಲೆ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ಪ್ರೊ. ಸಡ್‌ಬರೋ ಮತ್ತು ವಾಟ್ಸನ್ ಎಂಬವರು ಶ್ರೀಗಂಧದ ಎಣ್ಣೆ ತೆಗೆಯುವ ರೀತಿ ಕಂಡುಕೊಂಡರು. ಮಹಾಯುದ್ಧದಿಂದ ಗಂಧದ ಕಟ್ಟಿಗೆ ಜರ್ಮನಿಗೆ ಹೋಗುವುದು ನಿಂತಿತ್ತು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಮೂಲ ಅಲ್ಲಿದೆ.

ಇಂಗ್ಲೆಂಡಿನಲ್ಲಿ ಟ್ರಾವರ್ಸ್ ಯುದ್ಧಕಾಲದಲ್ಲಿ ಪ್ರಯೋಗಾಲಯದ ಗಾಜು ಮಾಡಿಸುವ ಕೆಲಸ ನೋಡಿಕೊಂಡರು. 1956ರಲ್ಲಿ, 84ನೇ ವಯಸ್ಸಿನಲ್ಲಿ, ತಮ್ಮ ಗುರು ರ‍್ಯಾಮ್ಸೆಯವರ ಜೀವನಚರಿತ್ರೆ ಪ್ರಕಟಿಸಿದರು. 1961ರ ಆಗಸ್ಟ್ 25ರಂದು ತೀರಿಕೊಂಡರು.

ಕೊನೆಗೆ ಒಂದು ಲೆಕ್ಕ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ತರಗತಿ ಕೋಣೆ ಅಂತ ಹಿಡಿಯಿರಿ. ಅದರಲ್ಲಿ ಸುಮಾರು 85,000 ಲೀಟರ್ ಗಾಳಿ. ಹತ್ತು ಲಕ್ಷ ಲೀಟರ್ ಗಾಳಿಯಲ್ಲಿ ನಿಯಾನ್ 18 ಲೀಟರ್ ಇರುತ್ತದೆ. ಹಾಗಾದರೆ ಕೋಣೆಯಲ್ಲಿ ನಿಯಾನ್ ಸುಮಾರು ಒಂದೂವರೆ ಲೀಟರ್. ಕ್ರಿಪ್ಟಾನ್ ನೂರು ಮಿಲಿಲೀಟರ್ ಒಳಗೆ, ಒಂದು ಕಪ್ ಚಹಾದಷ್ಟು. ಕ್ಸೆನಾನ್ ಒಂದೂವರೆ ಚಮಚೆ. ಇಷ್ಟನ್ನು ಅವರು ಗಾಳಿಯಿಂದ ಹೆಕ್ಕಿ ತೆಗೆದರು! ನಮ್ಮ ಏಳನೇ ತರಗತಿ ಕೋಣೆಯನ್ನು ಟೇಪಿನಿಂದ ಅಳೆದು ಯಾರಾದರೂ ಲೆಕ್ಕ ಮಾಡಿದರೆ ಉತ್ತರವನ್ನು ಪೆನ್ಸಿಲಿನಿಂದ ಈ ಕೆಳಗಿನ ಖಾಲಿ ಜಾಗದಲ್ಲಿ ಬರೆಯಿರಿ.