ಹಳೆಯ ಕ್ಯಾಮೆರಾ: ಯಾವುದು ಇರಲಿ, ಯಾವುದನ್ನು ಮಾರಲಿ?

ಪ್ರಶ್ನೆ: ಶಿಕಾರಿಪುರದಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಚಿಕ್ಕಪ್ಪ ತಮ್ಮ ಹಳೆಯ ಡಿಜಿಟಲ್ ಕ್ಯಾಮೆರಾಗಳನ್ನೆಲ್ಲ ನನಗೆ ಕೊಟ್ಟಿದ್ದಾರೆ. ನಿಕಾನ್ ಡಿ40, ನಿಕಾನ್ ಡಿ90, ಕ್ಯಾನನ್ 1000ಡಿ ಮತ್ತು ಪುಟ್ಟದೊಂದು ಒಲಿಂಪಸ್. ನಿಕಾನ್‌ಗೆ 18-55, 70-300 ಲೆನ್ಸುಗಳೂ ಹಳೆಯ 50 ಎಂ.ಎಂ. ಲೆನ್ಸೂ ಇವೆ. ಹಕ್ಕಿ, ಶಾಸನಗಳ ಫೋಟೊ ತೆಗೆಯುವ ಆಸೆ ನನಗೆ. ಯಾವುದನ್ನು ಇಟ್ಟುಕೊಳ್ಳಲಿ?
– ಓದುಗರೊಬ್ಬರು, ಸೊರಬ

ಉತ್ತರ: ಡಿ90 ಇಟ್ಟುಕೊಳ್ಳಿ. ಕ್ಯಾನನ್, ಒಲಿಂಪಸ್ ಎರಡನ್ನೂ ಮಾರಿ. ಡಿ40 ಫೋಟೊಗ್ರಫಿ ಕಲಿಯುವ ಹುಡುಗನಿಗೋ ಹುಡುಗಿಗೋ ಸೇರಲಿ.

ಮೆಗಾಪಿಕ್ಸೆಲ್ ನೋಡಿ ತೀರ್ಮಾನಿಸಬೇಡಿ. ನಿಮ್ಮ ಕೆಲಸಕ್ಕೆ ಯಾವುದು ಒದಗುತ್ತದೆ, ಯಾವುದರ ಬ್ಯಾಟರಿ, ಕಾರ್ಡು ಇಂದಿಗೂ ಸಿಗುತ್ತವೆ ಎಂಬುದಷ್ಟೇ ಮುಖ್ಯ.

ನಿಮ್ಮ ತಾಲ್ಲೂಕಿನ ಗುಡವಿಯನ್ನೇ ತೆಗೆದುಕೊಳ್ಳಿ. ಕೆಂಬರಲು, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಮೋಡ ಕವಿದ ಬೆಳಕಿನಲ್ಲಿ ಹಾರುವ ಹಕ್ಕಿ ಹಿಡಿಯಬೇಕಾದರೆ ಐಎಸ್‌ಒ ಏರಿಸಲೇಬೇಕು. 2008ರ ಡಿ90 ಇದನ್ನು 2006ರ ಡಿ40ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಅದರ 12.3 ಮೆಗಾಪಿಕ್ಸೆಲ್‌ನಲ್ಲಿ ದೂರದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡಬಹುದು, ಡಿ40ರ 6.1ರಲ್ಲಿ ಅಷ್ಟು ಅವಕಾಶವಿಲ್ಲ. ನಿಮ್ಮ 300 ಎಂ.ಎಂ. ಲೆನ್ಸ್ ಈ ಕ್ಯಾಮೆರಾಗಳಲ್ಲಿ ಫಿಲ್ಮ್ ಕಾಲದ 450 ಎಂ.ಎಂ. ಲೆನ್ಸಿನಷ್ಟು ಹತ್ತಿರ ತೋರಿಸುತ್ತದೆ. ಹಳೆಯ 50 ಎಂ.ಎಂ. ಲೆನ್ಸಿನೊಳಗೆ ಫೋಕಸ್ ಮೋಟಾರ್ ಇಲ್ಲದಿದ್ದರೂ ಡಿ90ರ ಬಾಡಿಯಲ್ಲೇ ಮೋಟಾರ್ ಇದೆ. ಡಿ40ರಲ್ಲಾದರೆ ಕೈಯಿಂದಲೇ ತಿರುಗಿಸಬೇಕು.

ಹಾಗೆಂದು ಡಿ40 ಕೆಲಸಕ್ಕೆ ಬಾರದ್ದಲ್ಲ. ಬಳ್ಳಿಗಾವಿಯ ಕೇದಾರೇಶ್ವರನ ಗುಡಿಯನ್ನು ಹಗಲು ಬೆಳಕಿನಲ್ಲಿ ತೆಗೆದು ಎ4 ಅಳತೆಗೆ ಅಚ್ಚು ಹಾಕಲು 6 ಮೆಗಾಪಿಕ್ಸೆಲ್ ಸಾಕು. ಮಾರಿದರೆ ಹೆಚ್ಚು ದುಡ್ಡು ಬಾರದು. ಕಲಿಯುವವರ ಕೈಯಲ್ಲಿ ಅದರ ಬೆಲೆ ದೊಡ್ಡದು. 18-55 ಲೆನ್ಸನ್ನೂ ಜೊತೆಗೇ ಕೊಡಿ.

ಕ್ಯಾನನ್ ಕೆಟ್ಟದ್ದೆಂದು ಮಾರಲು ಹೇಳುತ್ತಿಲ್ಲ. ನಿಮ್ಮ ಲೆನ್ಸುಗಳು ಅದಕ್ಕೆ ಕೂರುವುದಿಲ್ಲ, ಅದರ ಲೆನ್ಸು ನಿಕಾನ್‌ಗೆ ಕೂರುವುದಿಲ್ಲ. ಲೆನ್ಸು, ಚಾರ್ಜರ್ ಸಮೇತ ಒಟ್ಟಿಗೇ ಮಾರಿ.

ಒಲಿಂಪಸ್‌ನಲ್ಲಿರುವುದು ಎಕ್ಸ್‌ಡಿ ಕಾರ್ಡೇ ನೋಡಿ. ಒಲಿಂಪಸ್, ಫ್ಯೂಜಿಫಿಲ್ಮ್ ಸೇರಿ 2002ರಲ್ಲಿ ತಂದ ಈ ಕಾರ್ಡು 2 ಜಿಬಿ ದಾಟಲಿಲ್ಲ, ಈಗ ತಯಾರಾಗುವುದೂ ಇಲ್ಲ. ಆದ್ದರಿಂದ ಕಾರ್ಡನ್ನೂ ಸೇರಿಸಿಯೇ ಮಾರಿ. ಇಂಥ ಪುಟ್ಟ ಕ್ಯಾಮೆರಾಗಳ ಬಣ್ಣಕ್ಕೆ ಮನಸೋತ ಯುವಜನರು ಇವನ್ನು ಹುಡುಕಿ ಕೊಳ್ಳುವ ಕಾಲವಿದು. ಕೊಡುವ ಮುನ್ನ ಮನೆಯವರ ಫೋಟೊಗಳನ್ನು ಎರಡು ಕಡೆ ನಕಲು ಮಾಡಿಕೊಳ್ಳಿ. ಬರೀ ಫಾರ್ಮ್ಯಾಟ್ ಮಾಡಿದರೆ ಹಳೆಯ ಚಿತ್ರಗಳನ್ನು ಮರಳಿ ತೆಗೆಯಬಹುದು. ಫಾರ್ಮ್ಯಾಟ್ ಮಾಡಿ, ಕಾರ್ಡು ತುಂಬುವ ತನಕ ಗೋಡೆಯ ಫೋಟೊ ತೆಗೆದು, ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ.

ಡಿ90 ಸ್ಟುಡಿಯೊದಲ್ಲಿ ದುಡಿದದ್ದು. ಅದರ ಶಟರನ್ನು ನಿಕಾನ್ 1,00,000 ಕ್ಲಿಕ್‌ಗಳವರೆಗೆ ಪರೀಕ್ಷಿಸಿತ್ತು. ಈವರೆಗಿನ ಎಣಿಕೆ ಅದರ ಫೋಟೊ ಕಡತದೊಳಗೇ ದಾಖಲಾಗಿರುತ್ತದೆ. ಲೆನ್ಸುಗಳ ಹಿಂದೆ ಟಾರ್ಚ್ ಹಿಡಿದು ಇಣುಕಿ. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು. ಆ ಲೆನ್ಸನ್ನು ಬೇರೆಯಾಗಿಡಿ. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬೇಡಿ.

ನಮ್ಮ ಕಡೆಯ ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟ ಕ್ಯಾಮೆರಾ ಉಳಿಯುವುದಿಲ್ಲ. ಚರ್ಮದ ಚೀಲ ಬಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಆಗಾಗ ಹೊರಗೆ ತೆಗೆದು ಬಳಸಿ. ಬಳಸುವುದಕ್ಕೆ ನಿಮ್ಮಲ್ಲಿ ಕೆಲಸಕ್ಕೇನೂ ಕೊರತೆಯಿಲ್ಲ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯದರಲ್ಲಿ (1904) ಸೊರಬದ ಶಾಸನಗಳನ್ನು ಪ್ರಕಟಿಸಿದ್ದಾರೆ. ಅದರಲ್ಲಿ ನಿಮ್ಮ ಊರಿನ ಸುತ್ತಲಿನ ಕಲ್ಲುಗಳನ್ನು ಹುಡುಕಿ. ಬೆಳಿಗ್ಗೆ ಇಲ್ಲವೇ ಸಂಜೆ ಬಿಸಿಲು ಪಕ್ಕದಿಂದ ಸವರುವಾಗ ಹೋದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಒಂದೊಂದು ಕಲ್ಲನ್ನೂ ಊರಿನ ಹೆಸರು, ತಾರೀಖು ಬರೆದು ತೆಗೆದಿಟ್ಟರೆ, ಮುಂದೆ ಆ ಕಲ್ಲು ಒಡೆದರೂ ಓದುವವರಿಗೆ ನಿಮ್ಮ ಚಿತ್ರ ಆಧಾರವಾಗುತ್ತದೆ.