ಎಲ್‌ಎ ಇದ್ದೂ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದೇಕೆ?

ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರಿಗೆ,

ನಷ್ಟದ ಸುದ್ದಿ ಓದಿ ಬೇಸರವಾಯಿತು. ನೀವು ಕಳಿಸಿದ ಫೋಟೊ ನೋಡಿದರೆ ಎಲ್‌ಎಗಿಂತ (ಲೈಟ್ನಿಂಗ್ ಅರೆಸ್ಟರ್) ಅದರ ಅರ್ಥಿಂಗ್ ತಂತಿಯ ಮೇಲೇ ನನಗೆ ಅನುಮಾನ. ಆರು ಮೀಟರ್ ತಂತಿ ಕಂಬದಗುಂಟ ಇಳಿದು ಬೇರೆಯದೇ ಅರ್ಥಿಂಗ್ ಗುಂಡಿಗೆ ಹೋಗಿದೆ. ಮಿಕ್ಕಿದ್ದನ್ನು ಸುರುಳಿ ಸುತ್ತಿ ಕಟ್ಟಿದ್ದಾರೆ. ಆ ಸುರುಳಿಯನ್ನು ಮೊದಲು ತೆಗೆಸಿ.

ಸಿಡಿಲಿನ ಕರೆಂಟ್ ಮೈಕ್ರೋಸೆಕೆಂಡುಗಳಲ್ಲಿ ಏರುತ್ತದೆ. ಆ ವೇಗಕ್ಕೆ ನೆಟ್ಟಗಿನ ತಂತಿಯೂ ತಡೆಯೊಡ್ಡುತ್ತದೆ. ಮೈಕ್ರೋಸೆಕೆಂಡಿಗೆ 10 ಕಿಲೋ ಆಂಪಿಯರ್‌ನಂತೆ ಏರಿದರೆ ಮೀಟರಿಗೆ ಸುಮಾರು 10 ಕೆವಿ. ಆರು ಮೀಟರಿಗೆ 60. ಸಿಡಿಲು ಹರಿಯುವಾಗ ಎಲ್‌ಎಯಲ್ಲೇ ಉಳಿಯುವ ಸುಮಾರು 30 ಕೆವಿ ಸೇರಿದರೆ 90. ನಿಮ್ಮ 11 ಕೆವಿ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ 75 ಕೆವಿಯದಾಗಿದ್ದರೆ ತಡೆಯುವುದೆಲ್ಲಿಂದ? ಗುಂಡಿಯ ರೆಸಿಸ್ಟೆನ್ಸ್‌ನಲ್ಲಿ ಏಳುವ ವೋಲ್ಟೇಜ್ ಇದಕ್ಕೆ ಇನ್ನೂ ಸೇರುತ್ತದೆ.

ಆದ್ದರಿಂದ ಎಲ್‌ಎಯನ್ನು ಬುಶಿಂಗ್ ಪಕ್ಕಕ್ಕೇ ತನ್ನಿ. ಅದರ ಅರ್ಥ್ ತುದಿಯನ್ನು ಅತಿ ಗಿಡ್ಡ ತಂತಿಯಿಂದ ಟ್ಯಾಂಕಿನ ಬಾಡಿಗೆ ಜೋಡಿಸಿ, ಅಲ್ಲಿಂದ ನೇರವಾಗಿ ಗುಂಡಿಗೆ ಇಳಿಸಬೇಕು. ಪ್ರತ್ಯೇಕ ಗುಂಡಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಬಾಡಿಯ ಜೋಡಣೆಗೆ ಅದು ಬದಲಿಯಲ್ಲ. ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರೆರೆದ ಮಾತ್ರಕ್ಕೆ ಉದ್ದ ತಂತಿಯ ದೋಷ ಹೋಗದು.

ಇದನ್ನು ನಿಮ್ಮ ಗಿರಣಿಯ ಹುಡುಗರಿಂದ ಖಂಡಿತ ಮಾಡಿಸಬೇಡಿ. ಜೆಸ್ಕಾಂನಿಂದ ಲೈನ್ ಕ್ಲಿಯರ್ ಪಡೆದು, ಲೈನನ್ನು ಡಿಸ್ಚಾರ್ಜ್ ರಾಡ್‌ನಿಂದ ಅರ್ಥ್ ಮಾಡಿದ ಮೇಲೆಯೇ ಲೈಸೆನ್ಸ್ ಇರುವ ಗುತ್ತಿಗೆದಾರರು ಕಂಬ ಹತ್ತಲಿ. ಏಪ್ರಿಲ್‌ನ ಗುಡುಗು ಮಳೆಗೆ ಮುಂಚೆ ಮುಗಿಸಿಕೊಳ್ಳಿ.